ತಿಕೋಟಾದ ಹೊಲದಲ್ಲಿ ಕೇಳಿದ ಕರೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಗುತ್ತಿದ್ದವಳು. ನಮ್ಮ ಸೋದರತ್ತೆಯವರು ಹುಣಸೆ ಮರದ ಕೆಳಗೆ ತಾವು ಕಂಡ ಹೆಂಗಸಿನ ಕತೆ ಶುರು ಮಾಡಿದರೆ ಸಾಕು, "ಅತ್ತಿ, ಆವತ್ತ ನಿಮಗ ಜ್ವರ ಇತ್ತಲ್ಲ?" ಎಂದು ನಡುವೆ ಬಾಯಿ ಹಾಕುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ನಂಬಿಕೆ ಹುಟ್ಟಿದೆ ಎಂದಲ್ಲ. ನನ್ನ ಹತ್ತಿರವೂ ಈಗ ಒಂದು ಕತೆ ಇದೆ, ಅದರಲ್ಲಿ ಯಾರಿಗೂ ಜ್ವರ ಇರಲಿಲ್ಲ. ರಾತ್ರಿಯೂ ಆಗಿರಲಿಲ್ಲ, ನಡುಮಧ್ಯಾಹ್ನದ ಬಿಸಿಲಿತ್ತು.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಹನಿ ನೀರಾವರಿಯ ಪೈಪು ಮಾರುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಬಿಲ್ಲು ಮಾಡುವುದು ನನ್ನ ಪಾಲಿನದು. ರೈತರ ಫೋನುಗಳಿಗೆಲ್ಲ ಉತ್ತರ ಕೊಡುವವಳು ಸಲೀಮಾ, ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಬಸು ಮತ್ತು ರಫೀಕ್ ಹೊಲಗಳಿಗೆ ಹೋಗಿ ಪೈಪು ಜೋಡಿಸಿ ಬರುತ್ತಾರೆ. ಮಾಲಕರು ಊರಲ್ಲಿ ಇರುವುದೇ ಅಪರೂಪ. ಹಾಗಾಗಿ ಕಚೇರಿ ಎಂದರೆ ನಾವು ನಾಲ್ವರೇ. ಮಧ್ಯಾಹ್ನ ಪೈಪಿನ ಸುರುಳಿಗಳ ಹಿಂದೆ ಖಾಲಿ ರಟ್ಟು ಹಾಸಿಕೊಂಡು ಬುತ್ತಿ ಬಿಚ್ಚುತ್ತೇವೆ. ಸಲೀಮಾಳ ಡಬ್ಬಿಯ ಮೇಲೆ ರಫೀಕನ ಕಣ್ಣು, ನನ್ನ ಎಣಗಾಯಿ ಪಲ್ಯದ ಮೇಲೆ ಬಸುವಿನ ಕಣ್ಣು. ಸಂಜೆ ಗಿರಮಿಟ್ಟು, ಮಿರ್ಚಿ ಭಜಿ. ಫ್ಯಾನು ಯಾರ ಕಡೆ ತಿರುಗಬೇಕು ಎಂಬ ಜಗಳವಂತೂ ಇದ್ದೇ ಇರುತ್ತದೆ.

ಬಸುವಿನ ಹೊಲ ತಿಕೋಟಾದ ಆಚೆ ಇದೆ. ಪ್ರತಿ ವರ್ಷ ಬಿಳಿಜೋಳದ ತೆನೆ ಹಾಲುಗಾಳಾದಾಗ ಅವನ ತಾಯಿ ಆ ಎಳೆ ತೆನೆಯನ್ನು, ಅಂದರೆ ಸೀತನಿಯನ್ನು, ಸುಟ್ಟು, ಕಾಳು ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ ನಮಗಾಗಿ ಕಳಿಸುತ್ತಿದ್ದರು. ನಾವ್ಯಾರೂ ಅವರನ್ನು ನೋಡಿದವರಲ್ಲ. ಜೊತೆಗೆ ಬರುತ್ತಿದ್ದ ಅವರ ಕೈಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಖಾರವಷ್ಟೇ ನಮಗೆ ಗೊತ್ತು. ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಮುಂದಿನ ಜನವರಿಯಲ್ಲಿ ರಫೀಕ್ ಯೋಚನೆ ಮಾಡದೆ ಕೇಳಿಬಿಟ್ಟ: "ಬಸೂ, ಈ ಸಲ ಸೀತನಿ ಇಲ್ಲೇನೋ?"

ಬಸು ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿ ಇಟ್ಟ. ಆಮೇಲೆ, "ಕಟ್ಟಿ ಕಳಸಾಕಿ ಇಲ್ಲಲ್ಲೋ. ನೀವ ಎಲ್ಲಾರೂ ಬರ್ರಿ, ನಾನ ಸುಟ್ಟ ಕೊಡ್ತೀನಿ" ಎಂದ.

ಹೀಗೆ ಒಂದು ಭಾನುವಾರ ಕಂಪನಿಯ ಗಾಡಿಯಲ್ಲಿ ಹೋದೆವು. ಬಸು ತೆಗ್ಗು ತೋಡಿ, ಸಗಣಿಯ ಕುಳ್ಳು ಉರಿಸಿ, ಕೆಂಡ ಮಾಡಿ ತೆನೆ ಇಟ್ಟ. ರಫೀಕ್ ನೀರು ತರಲು ಬೋರಿನ ಕಡೆ ಹೋದ. ನಾನು, ಸಲೀಮಾ ಬೇವಿನ ಗಿಡದ ಕೆಳಗೆ ಪೇಪರು ಹಾಸಿ ಹಿಂಡಿ, ಬೆಲ್ಲ, ಮೊಸರು ತೆಗೆದಿಡುತ್ತಿದ್ದೆವು.

ಆಗ ನಮ್ಮ ಅವ್ವ ಕರೆದಳು. "ಅಕ್ಕವ್ವಾ, ಉಣ್ಣಾಕ ಬಾ" ಎಂದು. ನಾನು ಮನೆಯ ಹಿರಿಯ ಮಗಳು, ಅವ್ವ ನನ್ನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ದನಿ ಜೋಳದ ಬೆಳೆಯ ಆ ಕಡೆಯಿಂದ ಬಂತು. "ಬಂದೆ ಅವ್ವಾ" ಎಂದು ಎದ್ದು ನಿಂತೆ. ಎದ್ದ ಮೇಲೆಯೇ ನೆನಪಾದದ್ದು, ಅವ್ವ ಇರುವುದು ನಗರದೊಳಗೆ, ಜಲನಗರದ ನಮ್ಮ ಮನೆಯಲ್ಲಿ.

ಪಕ್ಕದಲ್ಲಿ ಸಲೀಮಾಳೂ ಎದ್ದು ನಿಂತಿದ್ದಳು. ಅಷ್ಟರಲ್ಲಿ ರಫೀಕ್ ಖಾಲಿ ಕೊಡ ಹಿಡಿದೇ ಓಡಿಬಂದ.

"ಅಕ್ಕಾರ, ನಮ್ಮ ಅಮ್ಮಿ ಯಾವಾಗ ಬಂದ್ಲು? ಯಾರ ಕರ್ಕೊಂಡ ಬಂದ್ರು?"

"ನಿಮ್ಮ ಅಮ್ಮಿ ಅಲ್ಲೋ, ನಮ್ಮವ್ವ ಕರದ್ಲು" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ರಫೀಕನ ತಾಯಿ ಆಗ ಮಿರಜದಲ್ಲಿ ಮಗಳ ಮನೆಯಲ್ಲಿದ್ದರು. ಕೆಂಡದ ಮುಂದೆ ಕೂತಿದ್ದ ಬಸು ತಲೆ ಎತ್ತಿ, "ಏನಾತ್ರಿ? ಎಲ್ಲಾರೂ ಯಾಕ ಎದ್ದ ನಿಂತ್ರಿ?" ಎಂದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಅವನೇ ಜೋಳದೊಳಗೆ ಹೊಕ್ಕು ಆ ತುದಿಯವರೆಗೂ ಹೋಗಿ ಬಂದ. ಆಚೆಗಿನದು ಕಡಲೆ ಹೊಲ. ಮೊಣಕಾಲೆತ್ತರದ ಬೆಳೆ, ಅಲ್ಲಿ ಯಾರೂ ಅಡಗಿ ಕೂರುವಂತಿಲ್ಲ. ನಾನು ಅವ್ವನಿಗೆ ಫೋನು ಮಾಡಿದೆ. ಆಕೆ ಟಿವಿಯ ಮುಂದೆ ಇದ್ದಳು. "ನಾ ಯಾಕ ಕರೀಲಿ? ನೀ ಉಂಡಿಯೋ ಇಲ್ಲೋ?" ಎಂದು ನನ್ನನ್ನೇ ಕೇಳಿದಳು. ರಫೀಕ್ ಮಿರಜಕ್ಕೆ ಫೋನು ಹಚ್ಚಿದ. ಅಲ್ಲಿಯೂ ಎಲ್ಲ ಆರಾಮ. ಕೊನೆಗೆ ನಾವೇ ನಕ್ಕು, ದೂರದಲ್ಲಿ ಯಾವಳೋ ಯಾರನ್ನೋ ಕರೆದಿರಬೇಕು, ಹಸಿದ ಹೊಟ್ಟೆಗೆ ಅದು ಹೀಗೆ ಕೇಳಿಸಿದೆ ಎಂದುಕೊಂಡು ಸೀತನಿ ತಿನ್ನಲು ಕೂತೆವು. ಈ ವಿವರಣೆ ನನ್ನದೇ. ಆಗ ಅದು ಸರಿ ಅನ್ನಿಸಿತ್ತು.

ಸಲೀಮಾ ಮಾತ್ರ ತಿನ್ನಲಿಲ್ಲ. ಬೆಚ್ಚಗಿನ ಕಾಳನ್ನು ಅಂಗೈಯಲ್ಲಿ ಹಿಡಿದು ಜೋಳದ ಆ ತುದಿಯನ್ನೇ ನೋಡುತ್ತಿದ್ದಳು. ಮರಳಿ ಬರುವಾಗ ಗಾಡಿಯ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕಾ, ನನಗ ಮುನ್ನಿ ಅಂತ ಕರದ್ರು" ಎಂದಳು.

"ಯಾರು?"

"ಆ ದನಿ ನಾ ಎಂದೂ ಕೇಳಿಲ್ಲ. ಆದ್ರ ಯಾರದು ಅಂತ ಗೊತ್ತಾತು."

ಅವಳನ್ನು ಹೆತ್ತ ಕೆಲವೇ ದಿನಗಳಲ್ಲಿ ಅವಳ ತಾಯಿ ತೀರಿಹೋಗಿದ್ದರು. ಬೆಳೆಸಿದವರು ತಾಯಿಯ ಅಕ್ಕ, ಬಬಲೇಶ್ವರದ ಖಾಲಾ. ನಾನು ಅವಳ ಕೈ ಹಿಡಿದುಕೊಂಡೆ.

ಮುಂದಿನ ವಾರ ಅವಳು ಖಾಲಾರನ್ನು ಒಬ್ಬಳೇ ಕೇಳಲು ಧೈರ್ಯ ಸಾಲದು ಎಂದು ನನ್ನನ್ನು ಮನೆಗೆ ಕರೆದೊಯ್ದಳು. ಖಾಲಾ ಅಂಗಳದಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಸಲೀಮಾ ಎಲ್ಲವನ್ನೂ ಹೇಳಿ, "ನನಗ ಯಾರರ ಮುನ್ನಿ ಅಂತಿದ್ರೇನು?" ಎಂದು ಕೇಳಿದಳು.

"ಹೆಣ್ಣ ಮಕ್ಕಳಿಗೆ ಎಲ್ಲಾರೂ ಮುನ್ನಿ ಅಂತಾರ, ಬೇಟಾ" ಎಂದರು ಖಾಲಾ, ಕೈಕೆಲಸ ಬಿಡದೆ. ಸ್ವಲ್ಪ ತಡೆದು, "ದನಿ ಹೆಂಗಿತ್ತು?" ಎಂದು ಕೇಳಿದರು.

"ದಪ್ಪ ಇತ್ತು ಖಾಲಾ. ಹೆಂಗಸಿನ ದನಿನ, ಆದ್ರ ಗಂಡಸರ ದನಿ ಹಂಗ."

ಖಾಲಾ ಸೊಪ್ಪನ್ನು ಮೊರದಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ತಾಟು ಊಟ. "ಉಣ್ರಿ ಮೊದಲ" ಎಂದರು. ಮುಖ ತೊಳೆದುಕೊಂಡಿದ್ದರು, ಕಣ್ಣು ಮಾತ್ರ ಕೆಂಪಗಿದ್ದವು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸಲೀಮಾ ಮತ್ತೆ ಕೇಳಲೂ ಇಲ್ಲ.

ಈ ಸಂಗತಿಯಿಂದ ಹೆಚ್ಚು ನೊಂದವನು ಬಸು. ಕೆಲವು ದಿನ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ರಫೀಕನನ್ನು ಬಿಡದೆ ಕೇಳುತ್ತಿದ್ದನಂತೆ, ಯಾವ ಕಡೆಯಿಂದ ಬಂತು, ಎಷ್ಟು ಜೋರಾಗಿ ಬಂತು ಎಂದು. ಒಂದು ಸಂಜೆ ಕಚೇರಿಯ ಬಾಗಿಲು ಹಾಕುವಾಗ ನನ್ನೆದುರು ನಿಂತುಬಿಟ್ಟ.

"ಹೊಲ ನಂದು. ಸತ್ತಾಕಿ ನಮ್ಮವ್ವ. ನಿಮಗೆಲ್ಲಾ ಕೇಳ್ಸಿತು, ನನಗಷ್ಟ ಯಾಕ ಕೇಳಲಿಲ್ಲ ಅಕ್ಕಾರ?"

"ನಮಗೇನೋ ಭ್ರಮೆ ಬಸು, ಬಿಡು" ಎಂದೆ. ಅವನು ಬಿಡಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

ಮರುವರ್ಷ ಜೋಳ ತೆನೆಗಟ್ಟಿದಾಗ ಅವನೇ ಮತ್ತೆ ಕರೆದ. ಅದೇ ಗಿಡ, ಅದೇ ಜಾಗ. ಮಧ್ಯಾಹ್ನವಾಗುತ್ತಲೇ ಅವನ ಮಾತು ನಿಂತಿತು. ಅವನು ಏನನ್ನು ಕಾಯುತ್ತಿದ್ದಾನೆಂದು ತಿಳಿದು ನಾವೂ ಮಾತು ನಿಲ್ಲಿಸಿದೆವು. ರಫೀಕನಂಥ ರಫೀಕನೂ ಬಾಯಿ ಮುಚ್ಚಿ ಕೂತ. ಜೋಳದ ಗರಿ ಒಂದಕ್ಕೊಂದು ಉಜ್ಜುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ಕೆಂಡ ಬೂದಿಯಾಗತೊಡಗಿತು. ಬಸು ತಲೆ ಬಗ್ಗಿಸಿಕೊಂಡಿದ್ದ.

ಆಗ ಸಲೀಮಾ ಮೆಲ್ಲಗೆ, "ಬಸು ಅಣ್ಣಾ, ಅವ್ವಾರು ನಿಮ್ಮನ್ನ ಹೆಂಗ ಕರೀತಿದ್ರು?" ಎಂದು ಕೇಳಿದಳು.

ಬಸು ಅವಳನ್ನು ನೋಡಿದ. ಎದ್ದು ನಿಂತ. ಎರಡೂ ಕೈ ಬಾಯಿಯ ಪಕ್ಕ ಹಿಡಿದು, ಹೊಲದ ತುದಿಗೆ ಮುಖ ಮಾಡಿ ಕರೆದ.

"ಬಸ್ಯಾ... ಉಣ್ಣಾಕ ಬಾ...!"

ಆ ಕೊನೆಯ 'ಬಾ' ಉದ್ದಕ್ಕೆ ಎಳೆದು ಹೋಗಿ, ತುದಿಯಲ್ಲಿ ಒಮ್ಮೆಲೇ ಮೇಲಕ್ಕೆದ್ದು ನಿಂತಿತು. ನಮ್ಮವ್ವ ಕರೆಯುವುದು ಅಡುಗೆ ಮನೆಯಿಂದ ಪಡಸಾಲೆಗೆ. ಹೀಗೆ ಎಳೆದು ಕರೆಯುವ ಪ್ರಸಂಗ ಆಕೆಗೆ ಯಾವತ್ತೂ ಬಂದಿಲ್ಲ. ಆದರೆ ಹಿಂದಿನ ವರ್ಷ ನಾನು ಕೇಳಿದ ಕರೆ ಇದೇ ಎಳೆತದ್ದು, ತುದಿಯಲ್ಲಿ ಹೀಗೇ ಮೇಲಕ್ಕೆದ್ದು ನಿಂತದ್ದು. ರಫೀಕನ ಕಡೆ ತಿರುಗಿದೆ. ಅವನು ಆಗಲೇ ನನ್ನನ್ನು ನೋಡುತ್ತಿದ್ದ. ಸಲೀಮಾ ನೆಲ ನೋಡುತ್ತಿದ್ದಳು.

ಬಸು ಇನ್ನೊಮ್ಮೆ ಕರೆದ. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. ಆಮೇಲೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಕೂತು, ತೆನೆ ಉಜ್ಜಿ ಕಾಳು ಬಿಡಿಸಿ ನಮ್ಮ ಮುಂದೆ ಸುರಿದ. ಅವನ ಮುಖ ವರ್ಷದಲ್ಲಿ ಮೊದಲ ಸಲ ಹಗುರಾಗಿತ್ತು. "ತಿನ್ರಿ, ಆರಿದ್ರ ರುಚಿ ಇರೂದಿಲ್ಲ" ಎಂದ.

ಆ ಕರೆ ಅವನ ತಾಯಿಯದೇ ಆಗಿದ್ದರೆ, ಅದು ನಮ್ಮ ನಮ್ಮ ಮನೆಯ ದನಿಯಲ್ಲಿ ಏಕೆ ಕೇಳಿಸಿತು? ಮುನ್ನಿ ಎಂದವರು ಯಾರು? ಖಾಲಾ ಏಕೆ ಎದ್ದು ಒಳಗೆ ಹೋದರು? ಯಾರಿಗಾಗಿ ಬಂದ ಕರೆಯೋ ಅವನೊಬ್ಬನಿಗೇ ಅದು ಮುಟ್ಟದೆ ಹೋದದ್ದು ಹೇಗೆ?

ಬಸು ಕರೆದ ಆ ದಿನ ಸ್ಟೇಷನ್ ರಸ್ತೆಯಲ್ಲಿ ಗಾಡಿಯಿಂದ ಇಳಿಯುವಾಗ ರಫೀಕ್ ಹಿಂದೆ ಉಳಿದು, "ಆ ಎಳೆತದ ಬಗ್ಗೆ ಬಸೂಗ ಹೇಳೂದೇನ್ರಿ ಅಕ್ಕಾರ?" ಎಂದು ಪಿಸುಗುಟ್ಟಿದ್ದ.

"ಏನಂತ ಹೇಳ್ತಿ?" ಎಂದಿದ್ದೆ.

ಅವನು ಖಾಲಿ ಕೊಡ ಎತ್ತಿಕೊಂಡು ಕೆಳಗಿಳಿದ. ಇಂದಿಗೂ ನಾವಿಬ್ಬರೂ ಹೇಳಿಲ್ಲ.