ಸಂತೆ ಬಯಲಿನಲ್ಲಿ ಕಲ್ಲಮ್ಮ ಹೇಳಿದ ಒಡಪು

ಸೋಮವಾರ ಬಂತೆಂದರೆ ಕಲ್ಲಮ್ಮ ಬೆಳಗಿನ ಕಾಫಿಯನ್ನೂ ಅರ್ಧ ಲೋಟಕ್ಕೇ ಬಿಟ್ಟುಬಿಡುತ್ತಿದ್ದಳು. ಆಮೇಲೆ ಸಂಜೆ ಏಳಕ್ಕೆ ಮನೆ ಸೇರುವ ತನಕ ಒಂದು ಗುಟುಕು ನೀರೂ ಇಲ್ಲ. ಕಡೂರಿನ ಕಟ್ಟೆಹೊಲದ ಸಂತೆಯಲ್ಲಿ ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿಕೊಂಡು ಕೂರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ. ಬಾಯಾರಿಕೆ ಆಗುತ್ತಿರಲಿಲ್ಲವೆಂದಲ್ಲ. ಕುಡಿದರೆ ಹೋಗಬೇಕು, ಹೋಗುವುದಕ್ಕೆ ಜಾಗವಿಲ್ಲ. ಸಂತೆಯ ಹೆಂಗಸರೆಲ್ಲರೂ ಹಾಗೆಯೇ. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಹೊಸದಾಗಿ ಸೊಪ್ಪಿನ ಕಂತೆ ತಂದು ಕೂತವಳು ಎರಡನೇ ವಾರಕ್ಕೆ ತಾನೇ ಕಲಿತುಬಿಡುತ್ತಿದ್ದಳು.

ಕಲ್ಲಮ್ಮ ಅಂತರಘಟ್ಟೆ ಕಡೆಯಿಂದ ಕಡೂರಿಗೆ ಸೊಸೆಯಾಗಿ ಬಂದವಳು. ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುವುದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಅಳತೆಯಲ್ಲಿ, ತೂಕದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಗಂಡ ಜಯದೇವಪ್ಪ ತೀರಿಕೊಂಡು ಹನ್ನೊಂದು ವರ್ಷ. ಅವನು ಹೋದ ಮೂರನೇ ವರ್ಷ, ಐವತ್ತರ ಹೊಸ್ತಿಲಲ್ಲಿ, ಅವಳು ಉಗ್ರಪ್ಪನವರ ಹೆಣ್ಣುಮಕ್ಕಳ ವೀರಗಾಸೆ ತಂಡ ಸೇರಿದಳು.

ಉಗ್ರಪ್ಪನವರು ಚಿಕ್ಕಂದಿನಿಂದ ವೀರಗಾಸೆಯ ಚರ್ಮವಾದ್ಯ ಕರಡೆ ಬಾರಿಸಿದವರು. ಅವರ ಹಳೆಯ ತಂಡದ ಗಂಡಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟಾಗ, "ಗಂಡಸ್ರಿಗೆ ಪುರುಸೊತ್ತಿಲ್ಲ ಅಂದ್ರೆ ವೀರಭದ್ರ ಮನೇಲಿ ಕೂರ್ತಾನಾ?" ಎಂದು ಬೀದಿಯ ಹೆಂಗಸರಿಗೇ ಕುಣಿತ ಕಲಿಸಲು ಶುರುಮಾಡಿದರು. ಗಂಡ ಸತ್ತವಳು ಗೆಜ್ಜೆ ಕಟ್ಟುತ್ತಾಳೆಂದು ನೆಂಟರು ಆಡಿಕೊಂಡಾಗ ಅವರೇ ಅಡ್ಡ ನಿಂತು, "ವಿಭೂತಿ ಹಚ್ಚೋ ಹಣೇಲಿ ಮುತ್ತೈದೆ ಯಾವ್ದು, ವಿಧವೆ ಯಾವ್ದು ಕಣ್ರೋ?" ಎಂದು ಬಾಯಿ ಮುಚ್ಚಿಸಿದ್ದರು.

ಕಲ್ಲಮ್ಮನ ಕಾಲು ಅಷ್ಟೇನೂ ಚುರುಕಲ್ಲ. ಗಂಟಲು ಮಾತ್ರ ಸಂತೆಯಲ್ಲಿ ಪಳಗಿದ್ದು. ಹೀಗಾಗಿ ಒಡಪು ಅವಳ ಪಾಲಿಗೆ ಬಂತು. ಕುಣಿತ ಏರಿದಾಗ ವಾದ್ಯವೆಲ್ಲ ನಿಲ್ಲುತ್ತದೆ; ಒಬ್ಬರು ಕತ್ತಿ ಎತ್ತಿ ದಕ್ಷಯಜ್ಞದ ಕಥೆಯನ್ನು ಏರುದನಿಯಲ್ಲಿ ಹೇಳುತ್ತಾರೆ. ಅದೇ ಒಡಪು. ಕತ್ತಿ ಮೇಲಿರುವ ತನಕ ನಡುವೆ ಬಾಯಿ ಹಾಕುವಂತಿಲ್ಲ, ಊರ ಗೌಡನಾದರೂ ಅಷ್ಟೆ, ಮಠದ ಸ್ವಾಮಿಗಳಾದರೂ ಅಷ್ಟೆ. ಕತ್ತಿ ಇಳಿದ ಮೇಲೆಯೇ ಮತ್ತೆ ಕರಡೆ.

ಸಂತೆಯಲ್ಲಿ ಕಲ್ಲಮ್ಮನ ಪಕ್ಕ ಕೂರುತ್ತಿದ್ದವಳು ವೀಳ್ಯದೆಲೆಯ ಭಾಗಮ್ಮ. ಹದಿನೆಂಟು ವರ್ಷದ ಜೊತೆ. ಎರಡು ವರ್ಷದ ಹಿಂದೆ, ಮಾಘ ಮಾಸದಲ್ಲಿ, ಭಾಗಮ್ಮನಿಗೆ ನಡುಕ, ಜ್ವರ. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದರು ಡಾಕ್ಟರು. "ನೀರು ಕುಡಿಯಲ್ವೇನಮ್ಮಾ ನೀನು?" ಎಂದು ಗದರಿದರಂತೆ. ಭಾಗಮ್ಮ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ನೋಡಲು ಹೋದ ಕಲ್ಲಮ್ಮನ ಕೈ ಹಿಡಿದುಕೊಂಡು, "ನಂಗೆ ಸಂತೆ ಸಾಕು ಕಣೇ ಕಲ್ಲೀ. ನನ್ ಜಾಗ ಯಾರಿಗಾದ್ರೂ ಬಿಟ್ಕೊಡು" ಎಂದಳು.

ಕಲ್ಲಮ್ಮ ಜಾಗವನ್ನು ಬಿಟ್ಟುಕೊಡಲಿಲ್ಲ. ತನ್ನ ಹುಣಸೆಹಣ್ಣಿನ ಬುಟ್ಟಿಯನ್ನೇ ಅಲ್ಲಿಗೆ ಸರಿಸಿಟ್ಟು ಕಾಯ್ದಳು.

ಅದೇ ವಾರ ಆರು ಜನ ಹೆಂಗಸರು ಕಲ್ಲಮ್ಮನ ಜಗಲಿಯಲ್ಲಿ ಸೇರಿ ಸಂತೆಯ ಕಚೇರಿಗೆ ಅರ್ಜಿ ಬರೆಸಿದರು. ಬರೆದವಳು ತಂಡದಲ್ಲಿ ತಾಳ ಹಿಡಿಯುವ ಸುಮನಾ, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವಳು. ಬರೆಯುವಾಗ ಒಂದು ಕಡೆ ಪೆನ್ನು ನಿಂತಿತು.

"ಅದನ್ನ ಅದೇ ಹೆಸರಲ್ಲಿ ಬರೀತಾರೇನೇ? ಓದೋ ಸಾಹೇಬ್ರು ಗಂಡಸು" ಎಂದಳು ಒಬ್ಬಳು.

"ಹೌದು ಕಣೇ ಸುಮನಾ, ಮರ್ಯಾದೆಯಾಗಿ ಬರಿ."

ಸುಮನಾ ಮರ್ಯಾದೆಯಾಗಿ ಬರೆದಳು: ಸಂತೆಗೆ ಬರುವ ಮಹಿಳೆಯರಿಗೆ ಅಗತ್ಯ ಸೌಕರ್ಯ ಒದಗಿಸಿಕೊಡಬೇಕು. ನಲವತ್ತು ಜನ ಸಹಿ, ಹೆಬ್ಬೆಟ್ಟು ಹಾಕಿದರು.

ನಾಲ್ಕು ತಿಂಗಳಿಗೆ ಸೌಕರ್ಯ ಬಂತು. ಬಯಲಿನ ಮೂಲೆಯಲ್ಲಿ ತೆಂಗಿನಮರದಷ್ಟು ಎತ್ತರದ ಒಂದು ಕಂಬ, ಅದರ ತಲೆಯಲ್ಲಿ ಆರು ದೀಪ. ಆ ಮೂಲೆಯಲ್ಲೇ ಹಳೇ ಗೋದಾಮಿನ ಮೋಟುಗೋಡೆಯೊಂದಿತ್ತು. ಮಬ್ಬು ಕವಿದ ಮೇಲೆ ತೀರಾ ತಡೆಯದವರು ಅದರ ಮರೆಗೆ ಹೋಗಿಬರುತ್ತಿದ್ದರು. ಈಗ ಅಲ್ಲಿ ಸಾಸಿವೆ ಚೆಲ್ಲಿದರೂ ಹೆಕ್ಕಬಹುದಾದಷ್ಟು ಬೆಳಕು.

ಮೆಣಸಿನಕಾಯಿ ಮಾರುವ ಹುಲಿಯಮ್ಮ ಸೊಂಟಕ್ಕೆ ಕೈಕೊಟ್ಟು ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಅರ್ಜಿ ಕೊಟ್ಟು ಇದ್ದ ಕತ್ಲೇನೂ ಕಳ್ಕೊಂಡ್ವಲ್ಲೇ!"

ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರಾಗಿ ತಂತಮ್ಮ ಬುಟ್ಟಿಯ ಮುಂದೆ ಹೋಗಿ ಕೂತರು.

ಮರುವರ್ಷ ಸಂತೆಯ ಕಟ್ಟೆಗಳಿಗೆ ತಗಡಿನ ಚಾವಣಿ ಹಾಕಿಸಿದರು. ಕಚೇರಿಯ ಗುಮಾಸ್ತ ಶಶಿಧರ ಕಲ್ಲಮ್ಮನ ಮನೆಗೇ ಬಂದ. "ಬರೋ ತಿಂಗ್ಳು ಉದ್ಘಾಟನೆ ಕಣಮ್ಮಾ. ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮ ತಂಡ ಮುಂದೆ ಕುಣೀತಾ ಇರ್ಬೇಕು, ಸಾಹೇಬ್ರು ಹಿಂದೆ ಬರ್ಬೇಕು."

ಕಲ್ಲಮ್ಮ ಆಗಲಿ ಎಂದಳು. ಅವನು ಹೋದ ಮೇಲೆ ನೇರ ಉಗ್ರಪ್ಪನವರ ಮನೆಗೆ ನಡೆದಳು. ಅವರು ಅಂಗಳದಲ್ಲಿ ಕರಡೆಯ ಚರ್ಮವನ್ನು ಬಿಸಿಲಿಗಿಟ್ಟು ಕೂತಿದ್ದರು. ಒಡಪಿನಲ್ಲಿ ಸಂತೆಯ ಮಾತನ್ನು ಸೇರಿಸುತ್ತೇನೆ ಎಂದಳು. ಯಾವ ಮಾತು ಎಂದು ಕೇಳಿದರು. ಹೇಳಿದಳು. ಮುದುಕರ ಮುಖ ಬಿಗಿಯಿತು.

"ಒಡಪು ದೇವ್ರ ಮಾತು ಕಣಮ್ಮಾ. ಅದ್ರೊಳ್ಗೆ ಇದನ್ನ ತಂದು ಹಾಕ್ತೀಯಾ? ಹಾಕಿದ್ರೆ ಇನ್ಮೇಲೆ ನಿನ್ ಕೈಗೆ ಕತ್ತಿ ಕೊಡಲ್ಲ ನಾನು."

ಕಲ್ಲಮ್ಮ ಏಳಲಿಲ್ಲ. ಕೂತಲ್ಲಿಂದಲೇ ಕೇಳಿದಳು: "ಗುರುಗಳೇ, ದಾಕ್ಷಾಯಿಣಿ ಯಾಕೆ ಬೆಂಕಿಗೆ ಬಿದ್ಲು?"

"ನೀನೇ ಹೇಳ್ತೀಯಲ್ಲ ವರ್ಷಾ ವರ್ಷಾ. ಅಪ್ಪನ ಮನೇಲಿ ಮರ್ಯಾದೆ ಸಿಗ್ಲಿಲ್ಲ, ಕೂರೋಕೆ ಒಂದು ಮಣೆ ಕೊಡ್ಲಿಲ್ಲ."

"ಮಣೆ ಕೊಡ್ದಿದ್ದಕ್ಕೇ ವೀರಭದ್ರ ಹುಟ್ಟಿ ಬಂದ. ಹೆಣ್ಮಗಳಿಗೆ ಆದ ಅವಮಾನ ಅಲ್ವಾ ಗುರುಗಳೇ ನಮ್ ಒಡಪು? ಭಾಗಮ್ಮನಿಗೆ ಆಗಿದ್ದು ಅವಮಾನ ಅಲ್ದೆ ಇನ್ನೇನು?"

ಉಗ್ರಪ್ಪನವರು ಕರಡೆಯನ್ನು ನೆರಳಿಗೆ ಸರಿಸಿದರು. ಚರ್ಮದ ಮೇಲೆ ಬೆರಳು ಬಡಿದು ನೋಡಿದರು. ಆಮೇಲೆ, "ಒಡಪಲ್ಲಿ ಸುಳ್ಳು ಬರ್ಕೂಡ್ದು" ಎಂದರು. "ಹೆಂಗಸ್ರು ಎಷ್ಟು ಜನ ಕೂರ್ತಾರೆ ಸಂತೇಲಿ?"

"ಎಪ್ಪತ್ತೋ ಎಂಬತ್ತೋ."

"ಅಷ್ಟೋ ಇಷ್ಟೋ ಅಂದ್ರೆ ಆಗಲ್ಲ. ಎಣಿಸ್ಕೊಂಡು ಬಾ."

ಮುಂದಿನ ಎರಡು ಸೋಮವಾರ ಕಲ್ಲಮ್ಮ ಹುಣಸೆಬೀಜ ಹಿಡಿದು ಸಾಲು ಸಾಲು ಸುತ್ತಿದಳು. ಹೆಂಗಸಿಗೊಂದು ಬೀಜ ತನ್ನ ಮಡಿಲಿಗೆ. ಮೊದಲ ವಾರ ಎಪ್ಪತ್ತೊಂದು, ಎರಡನೇ ವಾರ ಎಪ್ಪತ್ತೆಂಟು.

"ಯಾವ್ದು ಹೇಳ್ತೀಯ?" ಎಂದರು ಉಗ್ರಪ್ಪನವರು.

"ಕಮ್ಮೀದೇ ಹೇಳ್ತೀನಿ ಗುರುಗಳೇ. ಹೆಚ್ಚಿಂದು ಹೇಳಿ, ಅವ್ರು ಎಣಿಸ್ದಾಗ ಕಮ್ಮಿ ಬಂದ್ರೆ ಪೂರ್ತಿ ಮಾತೇ ಬಿದ್ದೋಗುತ್ತೆ."

ಮುದುಕರು ಒಳಗೆ ಹೋಗಿ ಕತ್ತಿ ತಂದು ಅವಳ ಕೈಗೆ ಕೊಟ್ಟರು.

ಉದ್ಘಾಟನೆಯೂ ಸೋಮವಾರವೇ ಬಂತು. ಸಂತೆಯ ಬಾಗಿಲಿಗೆ ಕೆಂಪು ಟೇಪು, ಶಾಮಿಯಾನ, ಮೈಕು. ಹನ್ನೆರಡು ಹೆಂಗಸರು ಕಾವಿ ಉಟ್ಟು, ಎದೆಗೆ ವೀರಭದ್ರನ ಫಲಕ ಕಟ್ಟಿ, ಸಾಹೇಬರ ಮುಂದೆ ಕುಣಿಯುತ್ತ ಬಂದರು. ಟೇಪಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕರಡೆ ನಿಂತಿತು. ಕಲ್ಲಮ್ಮ ಕತ್ತಿ ಎತ್ತಿದಳು.

"ಆಹಾ ರುದ್ರಾ! ಕರೆಯದ ಯಜ್ಞಕ್ಕೆ ಮಗಳು ಬಂದಳು. ಅಪ್ಪ ಏಳಲಿಲ್ಲ, ಬಾ ಎನ್ನಲಿಲ್ಲ. ಸಾವಿರ ಪೀಠ ಹಾಕಿದ ಅಂಗಳದಲ್ಲಿ ಮಗಳಿಗೊಂದು ಮಣೆ ಇರಲಿಲ್ಲ!"

ಸಾಹೇಬರು ಕೈಮುಗಿದು ನಿಂತಿದ್ದರು. ಎಲ್ಲ ಕಡೆ ಕೇಳುವ ಕಥೆಯೇ.

"ಅಂದು ದಕ್ಷನ ಅಂಗಳ, ಇಂದು ಕಟ್ಟೆಹೊಲದ ಅಂಗಳ! ಎಪ್ಪತ್ತೊಂದು ಹೆಣ್ಣುಮಕ್ಕಳು ಬಂದರು. ಸೊಪ್ಪು ತಂದರು, ವೀಳ್ಯ ತಂದರು, ಊರಿನ ಒಲೆಗೆಲ್ಲ ರುಚಿ ತಂದರು. ಸೂರು ಕೊಟ್ಟೆ ದಕ್ಷಾ, ದೀಪದ ಕಂಬ ಕೊಟ್ಟೆ ದಕ್ಷಾ! ಬೆಳಗಿಂದ ಬೈಗಿನ ತನಕ ನೀರು ಮುಟ್ಟದೆ ಕೂತವು ಎಪ್ಪತ್ತೊಂದು ಜೀವ. ಪ್ರತಿ ಸೋಮವಾರ ಬರುವ ಇದು ಯಾವ ಶಿವರಾತ್ರಿ ದಕ್ಷಾ?"

ಶಶಿಧರ ಮೈಕಿನ ಕಡೆ ಓಡಿಬಂದ. "ಸಾಕು ಸಾಕು, ಟೈಮಾಯ್ತು..."

"ಏಯ್!" ಉಗ್ರಪ್ಪನವರ ಗಂಟಲು ಮೈಕಿಲ್ಲದೆಯೇ ಬಯಲು ತುಂಬಿತು. "ಕತ್ತಿ ಮೇಲಿದೆ ಕಣಯ್ಯಾ. ಬಾಯಿ ಮುಚ್ಚು."

ಶಶಿಧರ ನಿಂತಲ್ಲೇ ನಿಂತ. ಜನ ಇನ್ನೂ ಹತ್ತಿರ ಬಂದರು. ಕಲ್ಲಮ್ಮ ಮುಂದಕ್ಕೆ ಎತ್ತಿಕೊಂಡಳು. "ಅಂಗಳ ಕಟ್ಟಿದ ದಕ್ಷಾ, ಹೆಣ್ಣುಮಕ್ಕಳಿಗೆ ಒಂದು..."

ಅಲ್ಲಿ ನಾಲಿಗೆ ತಡೆಯಿತು. ಮನೆಯಲ್ಲಿ ನೂರು ಸಲ ಹೇಳಿ ನೋಡಿದ್ದ ಮಾತು. ಎದುರಿಗೆ ಸಾಹೇಬರು, ನೆಂಟರು, ಅರ್ಧ ಊರಿನ ಗಂಡಸರು.

"ಹೇಳೇ ಕಲ್ಲಮ್ಮಾ! ಕಕ್ಕಸು ಅನ್ನು!" ಮೆಣಸಿನಕಾಯಿ ಸಾಲಿನಿಂದ ಹುಲಿಯಮ್ಮ ಕಿರುಚಿದಳು. "ಅವ್ರ ಮನೇಲೇನು ಇಲ್ವಾ?"

ಬಯಲೆಲ್ಲ ಗೊಳ್ಳೆಂದು ನಕ್ಕಿತು. ಆ ನಗೆಯ ಮೇಲೆಯೇ ಕಲ್ಲಮ್ಮನ ದನಿ ಏರಿತು. "ಒಂದು ಕಕ್ಕಸು ಇಲ್ಲವಲ್ಲೋ ದಕ್ಷಾ!" ಉಳಿದ ಹನ್ನೊಂದು ಜನ ಕುಣಿತದವರೂ ಸಾಲಿನಲ್ಲಿ ಕೂತ ಹೆಂಗಸರೂ "ಇಲ್ಲವಲ್ಲೋ ದಕ್ಷಾ!" ಎಂದು ದನಿಗೂಡಿಸಿದರು.

ಸಾಹೇಬರು ಕೆಂಪಾದರು. ಶಶಿಧರನನ್ನು ಏನೋ ಕೇಳಿದರು. ಆಮೇಲೆ ಕಲ್ಲಮ್ಮನ ಕಡೆ ತಿರುಗಿ, "ಅರ್ಜಿಯಲ್ಲಿ ಇದನ್ನು ಹೀಗೆ ಬರೆಯಬಾರದಿತ್ತೇನಮ್ಮಾ?" ಎಂದರು.

"ಬರೆಸೋಕೆ ನಾಚ್ಕೆ ಆಯ್ತು ಸ್ವಾಮಿ. ಇವತ್ತು ನನ್ ನಾಚ್ಕೆ ಬಿಟ್ಟೆ. ಇನ್ನು ಅದು ನಿಮ್ ಪಾಲಿಗೆ."

"ಆಯ್ತಮ್ಮಾ, ಈ ವರ್ಷವೇ ಕಟ್ಟಿಸೋಣ. ಕತ್ತಿ ಇಳಿಸು, ಟೇಪು ಕತ್ತರಿಸಬೇಕು."

"ಯಾವ ಜಾಗ್ದಲ್ಲಿ ಅಂತ ತೋರ್ಸಿ, ಇಳಿಸ್ತೀನಿ."

ಕತ್ತಿ ಇಳಿಯದೆ ಕರಡೆ ಇಲ್ಲ, ಕರಡೆ ಇಲ್ಲದೆ ಮೆರವಣಿಗೆ ಮುಂದೆ ಹೋಗುವುದಿಲ್ಲ. ಸಾಹೇಬರು ಜಾಗ ತೋರಿಸಲು ಹೊರಟರು. ಮೊದಲು ಕೈ ತೋರಿಸಿದ್ದು ಬಯಲಿನಾಚೆ, ಬ್ರಾಂದಿ ಅಂಗಡಿಯ ಹಿಂದಕ್ಕೆ. ಕಲ್ಲಮ್ಮ ಕತ್ತಿ ಎತ್ತಿಕೊಂಡೇ ಹೆಂಗಸರ ಸಾಲಿನಿಂದ ಅಲ್ಲಿಯ ತನಕ ಹೆಜ್ಜೆ ಹಾಕಿದಳು. ಹೆಜ್ಜೆಗೊಂದು ಗೆಜ್ಜೆಯ ಸದ್ದು, ಜೊತೆಗೆ ಸುಮನಾಳ ಎಣಿಕೆ. ಇನ್ನೂರ ಹನ್ನೆರಡು. "ಇಷ್ಟು ದೂರ ಸರಕು ಬಿಟ್ಟು ಬರೋಕಾಗಲ್ಲ ಸ್ವಾಮಿ. ಇಲ್ಲಿ ಕುಡುಕ್ರ ಕಾಟ ಬೇರೆ." ಎರಡನೇ ಜಾಗ ಮೋಟುಗೋಡೆಯ ಪಕ್ಕ, ದೀಪದ ಕಂಬದ ಅಡಿ. ಸಾಲಿನಿಂದ ನಲವತ್ತಾರು ಹೆಜ್ಜೆ. ಕಲ್ಲಮ್ಮ ಸಾಲಿನ ಹೆಂಗಸರ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಆಗ ಕತ್ತಿ ಇಳಿಯಿತು. ಉಗ್ರಪ್ಪನವರು ಆವತ್ತು ಬಾರಿಸಿದಂತೆ ಕರಡೆ ಬಾರಿಸಿದ್ದನ್ನು ತಂಡದವರು ಹಿಂದೆಂದೂ ಕೇಳಿರಲಿಲ್ಲ.

ಕಟ್ಟಡ ಏಳುವುದಕ್ಕೆ ಏಳು ತಿಂಗಳು ಹಿಡಿಯಿತು. ನಾಲ್ಕು ಬಾಗಿಲು, ಒಂದು ತೊಟ್ಟಿ, ಎರಡು ನಲ್ಲಿ. ಸಂಕ್ರಾಂತಿಯ ಮುಂದಿನ ಸೋಮವಾರ ಭಾಗಮ್ಮ ವೀಳ್ಯದೆಲೆಯ ಪಿಂಡಿ ಹೊತ್ತು ಬಂದಳು. ಕಲ್ಲಮ್ಮ ಹುಣಸೆಹಣ್ಣಿನ ಬುಟ್ಟಿಯನ್ನು ಈಚೆಗೆಳೆದುಕೊಂಡಳು.

ಶಿವನಿ ಸಂತೆಯಿಂದ ಮೂವರು ಹೆಂಗಸರು ಬಂದು ಆ ಒಡಪನ್ನು ಹೇಳಿಕೊಡಿ ಎಂದು ಕೇಳಿದ್ದಾರೆ. ಕಲ್ಲಮ್ಮ ಈಗ ಗುರುವಾರ ಗುರುವಾರ ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಈಚೆಗೆ ಮೂರನೇ ಬಾಗಿಲಿನ ಚಿಲಕ ಮುರಿಯಿತು. ಕಲ್ಲಮ್ಮ ಒಬ್ಬಳೇ, ದಿನದ ಸೀರೆಯಲ್ಲಿ, ಬರಿಗೈಯಲ್ಲಿ ಕಚೇರಿಗೆ ಹೋದಳು. ಶಶಿಧರ ಕುರ್ಚಿಯಿಂದ ಎದ್ದು ನಿಂತು ಅವಳ ಹಿಂದೆ ಬಾಗಿಲ ಕಡೆ ಇಣುಕಿದ.

"ಅಮ್ಮಾ, ಉಗ್ರಪ್ಪನೋರು ಕರಡೆ ತಗೊಂಡು ಬಂದಿಲ್ಲ ತಾನೇ?"

"ಮನೇಲಿದ್ದಾರೆ ಕಣಪ್ಪಾ. ಸಂಜೆಯೊಳ್ಗೆ ಚಿಲಕ ಹಾಕ್ಸಿದ್ರೆ ಅಲ್ಲೇ ಇರ್ತಾರೆ."

ನಾಲ್ಕು ಗಂಟೆಗೆಲ್ಲ ಹೊಸ ಚಿಲಕ ಬಿತ್ತು. ಕಲ್ಲಮ್ಮ ಒಳಗೆ ಹೋಗಿ ಮೂರು ಸಲ ಹಾಕಿ ತೆಗೆದು ನೋಡಿ, ಸರಿಯಾಗಿದೆ ಎಂದು ಹೇಳಿ ಬಂದಳು.