ಸುಣ್ಣವಿಲ್ಲದ ಗೋಡೆ

ಗೋಡೆಗೆ ತಲೆ ಚಚ್ಚಿಕೊಂಡವರನ್ನು ನೀವು ನೋಡಿರಬಹುದು. ಗೋಡೆಯನ್ನು ಮೆಚ್ಚಿ ಪೇಚಿಗೆ ಸಿಕ್ಕಿದವನು ಬಹುಶಃ ನಾನೊಬ್ಬನೇ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಧುಗಿರಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಕಲೆ, ಕಟ್ಟಡಗಳ ಇತಿಹಾಸ ಬರೆಯುವ ಪ್ರೊಫೆಸರೊಬ್ಬರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಕೋಟೆ ತೋರಿಸಹೋದರೆ ಕಣ್ಣೆತ್ತಿ ನೋಡಲಿಲ್ಲ. ಗುಡಿಯ ಕಂಬದ ಕೆತ್ತನೆ ಕಂಡು ಬರೀ ಗದ್ದಲ ಎಂದುಬಿಟ್ಟರು. ಅವರು ಆಧುನಿಕರು, ಅವರ ಲೆಕ್ಕದಲ್ಲಿ ಅಲಂಕಾರವೆಂದರೆ ಕಟ್ಟಡ ಹೇಳುವ ಸುಳ್ಳು. ಬೇಕಾಗಿದ್ದುದು ಬಡವನಹಳ್ಳಿ ಕಡೆಯ ಮಣ್ಣಿನ ಮಾಳಿಗೆ ಮನೆಗಳು. ಅಲ್ಲೊಂದು ಹಳ್ಳಿಯಲ್ಲಿ, ಕುರಿ ಸಾಕುವ ಕರಿಯಮ್ಮನ ಮನೆಯ ಮುಂದೆ ಅರ್ಧ ಗಂಟೆ ಅಲುಗಾಡದೆ ನಿಂತರು. ಗೋಡೆಗೆ ಸುಣ್ಣವಿಲ್ಲ, ಕೆಮ್ಮಣ್ಣಿನ ಪಟ್ಟೆಯಿಲ್ಲ, ಹೊಸ್ತಿಲ ಮುಂದೆ ರಂಗೋಲಿಯ ಒಂದು ಎಳೆಯೂ ಇಲ್ಲ. ಬರೀ ಮಣ್ಣು, ಬರೀ ಬೆಳಕು. ಬಾಗಿಲಲ್ಲಿ ನಿಂತಿದ್ದ ಕರಿಯಮ್ಮ ನೀರು ಕೊಟ್ಟಳು. ಕುಡಿದೆವು, ಬಂದೆವು.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ಆ ಗೋಡೆಗೆ ಒಂದಿಡೀ ಪುಟದ ಚಿತ್ರ, ಅದರ ಬೆನ್ನಿಗೇ ಒಂದು ಅಧ್ಯಾಯ. ಈ ಸೀಮೆಯ ಜನ ಅಲಂಕಾರ ಒಲ್ಲದೆ, ಬಯಸಿ ಬಯಲನ್ನು ಆರಿಸಿಕೊಂಡವರು ಎಂಬ ಧಾಟಿ. ಓದಿ ನಾನು ಆ ಪಂಥಕ್ಕೆ ಸೇರಿಯೇಬಿಟ್ಟೆ. ಮನೆಯ ಕ್ಯಾಲೆಂಡರುಗಳನ್ನೆಲ್ಲ ಇಳಿಸಿದೆ. ಬಾಗಿಲ ತೋರಣಕ್ಕೆ ಕೈಯಿಟ್ಟಾಗ ಹೆಂಡತಿ, "ಅದನ್ನ ಮುಟ್ಟಿದ್ರೆ ಇವತ್ತಿಂದ ಊಟ ನಿಮ್ಮ ಪ್ರೊಫೆಸರ್ ಮನೇಲೇ" ಎಂದಳು. ಆಧುನಿಕತೆ ಅಲ್ಲಿಗೆ ನಿಂತಿತು.

ಸಂತೋಷ ಹಂಚಿಕೊಳ್ಳಲು ಪುಸ್ತಕ ಹಿಡಿದು ಕರಿಯಮ್ಮನ ಮನೆಗೆ ಹೋದೆ. ಮನೆಯ ಗುರುತೇ ಹತ್ತಲಿಲ್ಲ! ಗೋಡೆ ಹಾಲಿನಂತೆ ಬೆಳ್ಳಗಿತ್ತು. ಬುಡದಲ್ಲಿ ಗೇಣಗಲದ ಕೆಂಪು ಪಟ್ಟೆ, ಬಾಗಿಲ ಎರಡೂ ಕಡೆ ಹಸಿರು ಗಿಳಿ. ದಂಗಾಗಿ ಪುಸ್ತಕ ಬಿಚ್ಚಿ ಚಿತ್ರ ತೋರಿಸಿದೆ. ಆಕೆ ನನಗಿಂತ ದಂಗಾದಳು.

"ಅಯ್ಯೋ ಸಾಮಿ, ಇದ್ಯಾಕ್ ಇಂಗ್ ಮಾಡ್ಬುಟ್ರಿ? ನಮ್ಮ ಯಜಮಾನ್ರು ತೀರ್ಕಂಡಿದ್ದ ವರ್ಸದ ಪಟ ಇದು. ಸಾವಾದ ಮನೆಗೆ ವರ್ಸ ತುಂಬೋಗಂಟ ಯಾರಾದ್ರೂ ಸುಣ್ಣ ಬಳೀತಾರಾ?"

ಪುಸ್ತಕ ಮುಚ್ಚಹೋದೆ, ಆಕೆ ಬಿಡಲಿಲ್ಲ.

"ಕಂಡ ಕಂಡ ಊರೋರೆಲ್ಲ ಇದ್ನ ನೋಡ್ತಾರೆ. ಮನೆಗೊಂದ್ ಕೈ ಸುಣ್ಣ ಕಾಣಿಸ್ದಿರೋ ಸೋಮಾರಿ ಎಂಗ್ಸು ಅಂತಾರೆ ನನ್ನ. ಆ ಸಾಮಿಗೆ ಏಳಿ, ಸರಿ ಮಾಡ್ಲಿ."

ಪ್ರೊಫೆಸರಿಗೆ ಕಾಗದ ಬರೆದೆ. ಅಷ್ಟರಲ್ಲಿ ಅದೇ ಗೋಡೆಯ ಆಧಾರದ ಮೇಲೆ ಅವರ ಇನ್ನೊಂದು ಪುಸ್ತಕವೂ ಎದ್ದು ನಿಂತಿತ್ತು. ಉತ್ತರ ಮರ್ಯಾದೆಯಿಂದಲೇ ಬಂತು: ಗೋಡೆ ಯಾಕೆ ಖಾಲಿಯಿದೆ ಎಂದು ಆವತ್ತು ನಿಮ್ಮನ್ನೇ ಕೇಳಿದೆ, ಇಲ್ಲಿಯವರ ಪದ್ಧತಿಯೇ ಹಾಗೆ ಎಂದಿರಿ, ಅದನ್ನೇ ಬರೆದೆ.

ನಿಜ, ಹೇಳಿದ್ದೆ. ನಾಲ್ಕು ಸಾಲಿನ ಕಳ್ಳತನದ ಸುದ್ದಿಗೂ ಇಬ್ಬರನ್ನು ವಿಚಾರಿಸದೆ ಬರೆಯದವನು, ಬಾಗಿಲಲ್ಲೇ ನಿಂತಿದ್ದ ಮನೆಯಾಕೆಯನ್ನು ಬಿಟ್ಟು ನನ್ನನ್ನೇ ವಿಚಾರಿಸಿಕೊಂಡಿದ್ದೆ. ಇದೇ ಸೀಮೆಯಲ್ಲಿ ಹುಟ್ಟಿದವನೆಂಬ ಹಮ್ಮು! ಪಂಡಿತರ ದೊಡ್ಡ ತಪ್ಪುಗಳ ಹಿಂದೆ ನನ್ನಂಥ ಸ್ಥಳೀಯ ಬುದ್ಧಿವಂತನೊಬ್ಬ ಇದ್ದೇ ಇರುತ್ತಾನೆಂದು ಕಾಣುತ್ತದೆ.

ಮತ್ತೆ ಹೋಗಿ ಒಪ್ಪಿಕೊಂಡೆ. "ತಪ್ಪು ನಂದು ಕಣಮ್ಮ. ಅಚ್ಚಾಗಿರೋದನ್ನ ಅಳಿಸೋಕಾಗಲ್ಲ. ನನ್ನ ಪುಸ್ತಕದಲ್ಲಿ ಬೇಕಾದ್ರೆ ತಿದ್ದಬಹುದು."

"ಅದ್ರಾಗಾದ್ರೂ ತಿದ್ದಿ ಮತ್ತೆ."

ಚಿತ್ರದ ಕೆಳಗೆ, ಯಜಮಾನರು ತೀರಿಕೊಂಡ ವರ್ಷವಾದ್ದರಿಂದ ಗೋಡೆಗೆ ಸುಣ್ಣವಿಲ್ಲ ಎಂದು ಪೆನ್ನಿನಲ್ಲಿ ಬರೆದು ಓದಿ ಹೇಳಿದೆ. ಆಕೆಗೆ ಸಾಲದಾಯಿತು.

"ಯಾವ ಯಜಮಾನ್ರು? ಎಸ್ರು ಬ್ಯಾಡ್ವಾ?"

"ಹೇಳಿ, ಏನು ಹೆಸರು?"

"ಥೂ! ಗಂಡನ ಎಸ್ರು ನನ್ನ ಬಾಯಾಗೆ ಏಳಿಸ್ತೀರಾ? ಎಲ್ಲಾ ಪದ್ದತಿ ಗೊತ್ತಿರೋರಂತೆ ಇವ್ರು!" ಎಂದವಳೇ ಪಕ್ಕದ ಜಗಲಿಯಲ್ಲಿದ್ದ ಮೈದುನನನ್ನು ಕೂಗಿದಳು: "ಲೋ ತಿಮ್ಮ, ನಿಮ್ಮಣ್ಣನ ಎಸ್ರು ಏಳ್ಲಾ ಇವ್ರಿಗೆ."

"ಚಿಕ್ಕೀರಪ್ಪ" ಎಂದ ತಿಮ್ಮ. ಬರೆದೆ.

ಮನೆಗೆ ಬಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಎಷ್ಟೊಂದು ಮನೆಗಳು! ಮಣ್ಣಿನ ಗುಣ, ತೊಲೆಯ ಉದ್ದ, ಬೆಳಕು ಬೀಳುವ ಓರೆ, ಎಲ್ಲವೂ ಇವೆ. ಮನೆಯಲ್ಲಿ ಬಾಳಿದವರ ಹೆಸರು ಇರುವುದು ಒಂದೇ ಕಡೆ. ಅದೂ ನನ್ನ ಕೆಟ್ಟ ಕೈಬರಹದಲ್ಲಿ.