ಗಾಜಿಲ್ಲದ ಗುರಿ

ನಮ್ಮೂರ ಅರ್ಧದಷ್ಟು ಮಕ್ಕಳು ಶಾಲೆಯ ಅಡುಗೆಮನೆಯಲ್ಲಿ ಹೆಲ್ಮಿ ಕಾರ್ವೊನೆನ್ ಬಡಿಸಿದ ಊಟ ತಿಂದೇ ಬೆಳೆದವರು. ಯಾರೊಂದಿಗೂ ಎತ್ತರಿಸಿದ ದನಿಯಲ್ಲಿ ಮಾತಾಡಿದವಳಲ್ಲ. ಅಂಥವಳು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಸೇಡು ಇಟ್ಟುಕೊಂಡು ಓಡಾಡಿದಳು. ಆ ಸೇಡು ನ್ಯಾಯವಾದದ್ದೇ ಎಂದು ನಾನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಬೇಟೆಯ ಗುಡಿಸಲು ನನ್ನದು. ನವೆಂಬರ್ ನಡುವೆ ಜಿಂಕೆ ಬೇಟೆ ಶುರುವಾಯಿತೆಂದರೆ ನಾವು ಐದಾರು ಮಂದಿ ಅಲ್ಲೇ ಠಿಕಾಣಿ ಹೂಡುತ್ತೇವೆ. ಅಲ್ಲಿನ ಕಾನೂನು ನನ್ನ ಅಪ್ಪನ ಕಾಲದ್ದು. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುವುದು. ಅವನು ಕಾಡಿನಲ್ಲಿ ತಾನು ಕಾಯುವ ಜಾಗವನ್ನೂ ಬಿಟ್ಟುಕೊಡಬೇಕು. ಕತ್ತರಿಸುವ ಮೊದಲು ನೆಪ ಹೇಳಲು ಅವಕಾಶ ಉಂಟು. ಎಲ್ಲರೂ ಒಪ್ಪಿದರೆ ಅಂಗಿಯೂ ಉಳಿಯಿತು, ಜಾಗವೂ ಉಳಿಯಿತು. ನನ್ನ ಅಂಗಿಯ ತುಂಡುಗಳು ಆ ಗೋಡೆಯ ಮೇಲೆ ಬೇಕಾದಷ್ಟಿವೆ. ಹೆಲ್ಮಿಯ ಗಂಡ ಓಯ್ವಾನದು ಒಂದೂ ಇಲ್ಲ. ಹಾಗಾಗಿ ಜೌಗಿನ ಅಂಚಿನ ಒಳ್ಳೆಯ ಜಾಗ ಸಾಯುವವರೆಗೂ ಅವನದೇ ಆಗಿತ್ತು. ಅವನ ತಮ್ಮ ರೇನೊ ಅದರ ಮೇಲೆ ಕಣ್ಣಿಟ್ಟೇ ಮುದುಕನಾಗುತ್ತಿದ್ದ.

ಓಯ್ವಾ ತೀರಿಕೊಂಡ ವರ್ಷ ಹೆಲ್ಮಿ ಅವನ ಬಂದೂಕು, ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವಂಥದ್ದು, ಹಿಡಿದು, ಅವನದೇ ಕೆಂಪು ಚೌಕಳಿಯ ಉಣ್ಣೆ ಅಂಗಿ ತೊಟ್ಟು ಗುಡಿಸಲಿಗೆ ಬಂದಳು. ಅವನು ಕೂರುತ್ತಿದ್ದ ಜಾಗದಲ್ಲಿ ತಾನೂ ಕೂರಬೇಕು ಎಂದಳು. ಯಾರು ಬೇಡ ಎನ್ನುತ್ತಾರೆ? ರೇನೊ ಬಾಯಿ ತುಂಬ ಹೊಗಳಿದ. ಅತ್ತಿಗೆಯ ಕಣ್ಣಿಗೆ ನಳಿಗೆಯ ಮೇಲಿನ ಕಚ್ಚು ಮತ್ತು ಮಣಿಯ ಹಳೆಯ ಕಬ್ಬಿಣದ ಗುರಿ ಕಾಣುವುದಿಲ್ಲವೆಂದು ತಾನೇ ದುರ್ಬೀನಿನಂಥ ಒಂದು ಗಾಜಿನ ಸ್ಕೋಪು ತಂದು ಕೂರಿಸಿದ್ದ. ಆ ಬಂದೂಕು ಖಾಲಿ ತೋಟಾವನ್ನು ನೆತ್ತಿಯಿಂದ ಮೇಲಕ್ಕೆ ಉಗುಳುತ್ತದೆ, ಸ್ಕೋಪನ್ನು ನೆಟ್ಟಗೆ ಮೇಲೆ ಕೂರಿಸುವಂತಿಲ್ಲ. ಹಾಗಾಗಿ ಪಕ್ಕಕ್ಕೆ ಸ್ಕ್ರೂ ಹಾಕಿದ್ದ. ಅವಳು ಕತ್ತು ಓರೆ ಮಾಡಿ ನೋಡಬೇಕಿತ್ತು.

ಬೆಳಗ್ಗೆ ನಾವು ಕಾಫಿ ಕುಡಿಯುವಾಗ ಅವನು ಅವಳ ಬಂದೂಕನ್ನು ಒಲೆಯ ಪಕ್ಕ, ಕುದಿಯುವ ಕೆಟಲಿನ ಹತ್ತಿರ ತಂದಿಟ್ಟ. ತಣ್ಣನೆಯ ಕಬ್ಬಿಣ ಹಿಡಿದರೆ ಅತ್ತಿಗೆಯ ಕೈ ಮರಗಟ್ಟುತ್ತದಂತೆ. ಹೊರಡುವಾಗ ಗಾಜಿಗೆ ಮುಚ್ಚಳವನ್ನೂ ತಾನೇ ಹಾಕಿ, ಜಿಂಕೆ ಕಂಡಮೇಲೇ ತೆಗೆಯಲು ಹೇಳಿ ಕಳಿಸಿದ. ದೊಡ್ಡ ಕೊಂಬಿನ ಗಂಡು ಎದುರಿಗೇ ಬಂತು. ಅವಳು ಮುಚ್ಚಳ ತೆಗೆದರೆ ಒಳಗೆಲ್ಲ ಹಾಲು ಬಿಳುಪು. ಅಂದಾಜಿನ ಮೇಲೆ ಹೊಡೆದಳು, ತಪ್ಪಿತು.

ಗಾಜು ಬೆಳ್ಳಗಾಗಿತ್ತು ಎಂದು ಅವಳು ನೆಪ ಹೇಳಿದಳು. ನಾವೆಲ್ಲ ಕಬ್ಬಿಣದ ಗುರಿಯವರು. ಸ್ಕೋಪು ಇದ್ದದ್ದು ರೇನೊ ಒಬ್ಬನಿಗೇ, ಅವನ ಮುಖ ನೋಡಿದೆವು.

"ಗಾಜು ಬೆಳ್ಳಗಾಗೋದಾ? ಇಷ್ಟು ವರ್ಷದಲ್ಲಿ ಅಂಥದ್ದು ನಾನಂತೂ ಕಂಡಿಲ್ಲಪ್ಪ," ಅಂದ ಅವನು.

ಅಂಗಿ ಓಯ್ವಾನದು, ಇದೊಂದನ್ನು ಬಿಡು, ನನ್ನ ಅಂಗಿ ಇನ್ನೊಂದಿದೆ, ಅದನ್ನು ಕತ್ತರಿಸು ಎಂದು ಅವಳು ಬೇಡಿಕೊಂಡಳು. ಕಾನೂನು ಕಾನೂನೇ ಎಂದು ಅವನು ಬೆನ್ನಿನ ನಡುವಿನವರೆಗೂ ಕತ್ತರಿಸಿದ. ಮರುದಿನವೇ ಹೋಗಿ ಅಣ್ಣನ ಜಾಗದಲ್ಲಿ ಕೂತ.

ಮುಂದಿನ ಬೇಸಿಗೆಯಲ್ಲಿ, ಆ ಸ್ಕೋಪಿನ ಬದಲು ಬೇರೇನಾದರೂ ಕೂರಿಸಲೆಂದು, ಅವಳನ್ನು ವೈನೋನ ಬಂದೂಕಿನ ಅಂಗಡಿಗೆ ಕರೆದೊಯ್ದವನು ನಾನೇ. ವೈನೋ ಸಾಲಾಗಿ ಸ್ಕೋಪುಗಳನ್ನು ಇಟ್ಟ. ಅವಳು ಒಂದೊಂದನ್ನೂ ಎತ್ತಿ ಕಿಟಕಿಯಾಚೆ ಇಗರ್ಜಿಯ ಬೇಲಿ ನೋಡಿದಳು. ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ ಬೇಲಿಯ ಒಂದು ಗೂಟ ಬಿಟ್ಟು ಬೇರೇನೂ ಕಾಣಲಿಲ್ಲ; ದಟ್ಟ ಪೊದೆಯಲ್ಲಿ ಓಡುವ ಜಿಂಕೆಗೆ ಅದು ದಂಡ. ಹಳೆಯ ಕಬ್ಬಿಣದ ಗುರಿಯಲ್ಲಿ ಹಿಂದಿನ ಕಚ್ಚು, ಮುಂದಿನ ಮಣಿ, ಜಿಂಕೆ ಮೂರನ್ನೂ ಒಟ್ಟಿಗೆ ಹಿಡಿಯಲು ಅವಳ ವಯಸ್ಸಿನ ಕಣ್ಣು ಒಪ್ಪಲಿಲ್ಲ. ಕೊನೆಗೆ ವೈನೋ ತೂತಿನ ಗುರಿ ತೆಗೆದ. ಕಣ್ಣಿನ ಹತ್ತಿರ ಉಂಗುರದಂಥ ಒಂದು ತೂತು, ನಳಿಗೆಯ ತುದಿಯಲ್ಲಿ ಹಿತ್ತಾಳೆಯ ಮಣಿ, ಅಷ್ಟೇ. ತೂತನ್ನು ನೋಡಲೇಬೇಡ, ಅದರ ಮೂಲಕ ನೋಡು, ಮಣಿಯನ್ನು ಜಿಂಕೆಯ ಮೇಲಿಡು, ಉಳಿದದ್ದನ್ನು ಕಣ್ಣೇ ಮಾಡಿಕೊಳ್ಳುತ್ತದೆ ಎಂದ.

"ಇದೂ ಬೆಳ್ಳಗಾಗತ್ತಾ?" ಎಂದಳು ಹೆಲ್ಮಿ.

"ಗಾಜೇ ಇಲ್ವಲ್ಲ, ಏನು ಬೆಳ್ಳಗಾಗತ್ತೆ? ಸ್ಕೋಪಾದ್ರೆ ಒಲೆ ಹತ್ರ ಇಟ್ಟು ಹೊರಗೆ ಒಯ್ದ್ರೆ ಆವಿ ಕೂತು ಮಂಜುಗಡ್ಡೆ ಆಗತ್ತೆ. ರಾತ್ರಿಯೆಲ್ಲ ಜಗಲಿ ಮೇಲೇ ಬಿಡ್ಬೇಕು. ನಿನ್ನ ಮೈದುನಂಗೆ ಮಾರಿದ ದಿನವೇ ಹೇಳಿ ಕಳಿಸಿದ್ದೆ, ಅವನು ಹೇಳ್ಲಿಲ್ವಾ?"

ಹೆಲ್ಮಿಯ ಮುಖ ಸುಣ್ಣದ ಹಾಗಾಯಿತು. ನನಗೆ ಮೈಯೆಲ್ಲ ಉರಿಯಿತು. ಈಗಲೇ ಹೋಗಿ ರೇನೊನ ಹಲ್ಲು ಉದುರಿಸುತ್ತೇನೆ ಎಂದೆ. ಅವಳು ಬೇಡವೆಂದಳು. ತೂತಿನ ಗುರಿಯನ್ನೇ ಕೂರಿಸಿಕೊಂಡು, ಆ ಶರತ್ಕಾಲವೆಲ್ಲ ಮರಳುಗುಂಡಿಯಲ್ಲಿ ಖಾಲಿ ಕಾಫಿ ಡಬ್ಬಿಗಳನ್ನು ಉರುಳಿಸಿದಳು.

ನವೆಂಬರ್ ಬಂತು. ಮೊದಲ ದಿನ ಬೆಳಗ್ಗೆ ರೇನೊ ಪಾಯಿಖಾನೆಯ ಕಡೆ ಹೋದಾಗ ಹೆಲ್ಮಿ ಜಗಲಿಯಿಂದ ಅವನ ಬಂದೂಕನ್ನು ಒಳಗೆ ತಂದಳು. ಸ್ಕೋಪಿನ ಮುಚ್ಚಳ ತೆಗೆದು ಕೆಟಲಿನ ಹಬೆಗೆ ಹಿಡಿದು, ಮುಚ್ಚಳ ಹಾಕಿ, ಇದ್ದಲ್ಲೇ ಇಟ್ಟು ಬಂದಳು. ನಾನು ನೋಡಿದೆ. ನೋಡಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡೆ. ಹೊಟ್ಟೆಗೆ ಅಷ್ಟು ತಂಪಾದ ಕಾಫಿ ನಾನು ಕುಡಿದೇ ಇಲ್ಲ.

ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಜೌಗಿನ ಕಡೆಯಿಂದ ರೇನೊನ ಗುಂಡು ಕೇಳಿಸಿತು, ಮತ್ತೊಂದು, ಇನ್ನೊಂದು. ಬೆದರಿದ ಗಂಡು ಜಿಂಕೆ ಪೊದೆ ಮುರಿದುಕೊಂಡು ನಾನು, ಹೆಲ್ಮಿ ಕೂತಿದ್ದ ಕಡೆಗೇ ನುಗ್ಗಿತು. ಅವಳು ಬಂದೂಕು ಎತ್ತಿದ್ದಷ್ಟೇ ಗೊತ್ತು. ಒಂದೇ ಗುಂಡಿಗೆ ಅದು ಮಂಡಿಯೂರಿತು. ಮೈಮೇಲೆ ಬೇರೆ ಒಂದು ಗಾಯವೂ ಇರಲಿಲ್ಲ.

ಸಂಜೆ ಎಲ್ಲರ ಮುಂದೆ ರೇನೊನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಜಿಂಕೆ ಬಿದ್ದದ್ದು ಹೆಲ್ಮಿಗೆ, ಕತ್ತರಿಯೂ ಅವಳ ಕೈಗೇ ಹೋಯಿತು. ಹೊಸ ಅಂಗಿ, ಅವನ ಹೆಂಡತಿ ಕೈಯಾರೆ ಹೊಲಿದದ್ದು. ನೆಪ ಏನಾದರೂ ಇದೆಯೇನಪ್ಪ ಎಂದು ಗುಡಿಸಲಿನ ಯಜಮಾನನಾಗಿ ನಾನು ಕೇಳಿದೆ. ಅವನು ಬಾಯಿ ತೆರೆದ, ಒಲೆಯ ಕಡೆ ನೋಡಿದ, ಹೆಲ್ಮಿಯ ಕಡೆ ನೋಡಿದ.

"ಹೇಳು ರೇನೊ," ಎಂದಳು ಹೆಲ್ಮಿ. "ಎಲ್ರೂ ಕೇಳ್ತಿದಾರೆ. ಗಾಜಿಗೆ ಏನಾದ್ರೂ ಆಗಿತ್ತಾ?"

ರೇನೊ ಗೋಡೆಯ ಮೇಲಿದ್ದ ಕೆಂಪು ಚೌಕಳಿಯ ತುಂಡನ್ನು ನೋಡಿದ.

"ಏನೂ ಆಗಿರ್ಲಿಲ್ಲ ಅತ್ತಿಗೆ," ಅಂದ ಅವನು.

ಹೆಲ್ಮಿ ಕಾಲರಿನವರೆಗೂ ಕತ್ತರಿಸಿದಳು.